ಊರ ಶಾಲೆಗೆ 200 ಗಿಡ ಕೊಡಿಸೋಣ ಅಂತಿದ್ದೇವೆ. ಯಾವ ಗಿಡ ಒಳ್ಳೆಯದು?

ಮಾವಿನತೋಪು | ಮೇ 6, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನಮ್ಮೂರು ಕೋಲಾರ ಜಿಲ್ಲೆ, ಶ್ರೀನಿವಾಸಪುರ ತಾಲೂಕು. ಏಳನೇ ಕ್ಲಾಸಿನವರೆಗೆ ಊರಿನ ಸರ್ಕಾರಿ ಶಾಲೆಯಲ್ಲೇ ಓದಿದೆ. ಈಗ ಬೆಂಗಳೂರಲ್ಲಿ ಕೆಲಸ. ಊರ ಶಾಲೆಯಲ್ಲಿ ಜೊತೆಗೆ ಓದಿದ ಹದಿನಾಲ್ಕು ಜನ ಸೇರಿ ಈ ಸಲ ಪರಿಸರ ದಿನಕ್ಕೆ ಶಾಲೆಗೆ ಏನಾದರೂ ಮಾಡೋಣ ಅಂದುಕೊಂಡಿದ್ದೇವೆ. 60 ಸಾವಿರ ರೂಪಾಯಿ ಸೇರಿದೆ. ಜೂನ್ 5ಕ್ಕೆ ಎಲ್ಲರೂ ಊರಿಗೆ ಹೋಗಿ 200 ಗಿಡ ನೆಡೋದು, ಮಕ್ಕಳಿಗೆ ಟೀ ಶರ್ಟು, ಒಂದು ಚಿಕ್ಕ ಕಾರ್ಯಕ್ರಮ. ಶಾಲೆಯಲ್ಲಿ ಈಗ 46 ಮಕ್ಕಳಿದ್ದಾರೆ. ಜಾಗ ಒಂದು ಎಕರೆಗೆ ಸ್ವಲ್ಪ ಕಡಿಮೆ.

ಯಾವ ಗಿಡ ಬೇಗ ಬೆಳೆಯುತ್ತೆ ಹೇಳಿ. ನರ್ಸರಿಯವರು ಗುಲ್‌ಮೊಹರ್, ಬಾದಾಮಿ, ಕೊನೊಕಾರ್ಪಸ್ ಅಂತಿದ್ದಾರೆ.

ಬೀಜಬ್ರಹ್ಮ | ಮೇ 6, ರಾತ್ರಿ 11:05

ಗಿಡ ಯಾಕೆ ಸರ್, ಬೀಜದುಂಡೆ ಮಾಡಿಸಿ. ಮಣ್ಣು, ಸಗಣಿ, ಹೊಂಗೆ ಬೀಜ. 46 ಮಕ್ಕಳು ಒಂದು ದಿನದಲ್ಲಿ 5,000 ಉಂಡೆ ಕಟ್ಟಿಬಿಡುತ್ತಾರೆ. ಬೆಟ್ಟಕ್ಕೆ ಹೋಗಿ ಎಸೆದು ಬಂದರೆ ಆಯಿತು.

ಎರಡನೇ ಬೆಂಚು | ಮೇ 7, ಬೆಳಿಗ್ಗೆ 7:20

ಎಸೆದು ಬಂದಮೇಲೆ ಯಾರಾದರೂ ತಿರುಗಿ ಹೋಗಿ ಎಷ್ಟು ಮೊಳೆತಿದೆ ಅಂತ ನೋಡಿದ್ದು ಉಂಟಾ, ಬ್ರಹ್ಮಣ್ಣ?

ಇನ್ನೊಂದು ವಿಷಯ. ಒಂದು ಎಕರೆಯೂ ಇಲ್ಲದ ಜಾಗದಲ್ಲಿ 200 ಮರ ಬೆಳೆದರೆ ಮಕ್ಕಳು ಕಬಡ್ಡಿ ಎಲ್ಲಿ ಆಡಬೇಕು?

ಬಳಪದ ಚೂರು | ಮೇ 7, ಬೆಳಿಗ್ಗೆ 9:15

ಮಾವಿನತೋಪು ಅವರೇ, ನಾನು ನಿಮ್ಮ ಪಕ್ಕದ ತಾಲೂಕಿನಲ್ಲೇ ಸರ್ಕಾರಿ ಶಾಲೆ ಮೇಷ್ಟ್ರು. 22 ವರ್ಷ ಸರ್ವಿಸ್ ಆಯಿತು. ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಪ್ರಶ್ನೆಗೆ ಉತ್ತರ ಕೊಡೋ ಮುಂಚೆ ನಮ್ಮ ಶಾಲೆಯ ಜೂನ್ 5 ಹೇಗಿರುತ್ತೆ ಹೇಳುತ್ತೇನೆ.

ನಮ್ಮಲ್ಲಿ ಗುಂಡಿ ತೋಡುವ ಕೆಲಸವೇ ಇಲ್ಲ. ಹೋದ ವರ್ಷದ ಗುಂಡಿಯೇ ಇರುತ್ತೆ. ಅದರಲ್ಲಿರೋ ಒಣಗಿದ ಕಡ್ಡಿ ಕೀಳೋದು, ಹೊಸ ಗಿಡ ಇಡೋದು, ಎಂಟು ಜನ ಒಂದೇ ಗಿಡಕ್ಕೆ ಕೈ ಹಚ್ಚಿ ಕ್ಯಾಮೆರಾ ಕಡೆ ನೋಡೋದು. ಆಮೇಲೆ ಫೋಟೊ ಅಪ್‌ಲೋಡ್. 2024ರಿಂದ ಅಮ್ಮನ ಹೆಸರಲ್ಲಿ ಒಂದು ಗಿಡ ಅನ್ನೋ ಕಾರ್ಯಕ್ರಮವೂ ಬಂದಿದೆ, ಅದರ ಫೋಟೊ ಬೇರೆ. ಒಂದು ಗುಂಡಿಯಂತೂ ನನಗೆ ಚೆನ್ನಾಗಿ ಗುರುತಿದೆ. ಕೊಳಾಯಿ ಪಕ್ಕ, ಧ್ವಜಸ್ತಂಭದಿಂದ ಎಂಟು ಹೆಜ್ಜೆ. ಅದರಲ್ಲಿ ಇಲ್ಲಿಯವರೆಗೆ ಬೇವು, ಹೊಂಗೆ, ಸಂಪಿಗೆ, ಮತ್ತೆ ಬೇವು ಸತ್ತಿವೆ. ಮಕ್ಕಳು ಅದಕ್ಕೆ ಗಿಡದ ಗೋರಿ ಅಂತಾರೆ.

ಗಿಡ ಜೂನ್‌ನಲ್ಲಿ ಸಾಯೋದಿಲ್ಲ ಸರ್. ಏಪ್ರಿಲ್‌ನಲ್ಲಿ ಸಾಯುತ್ತೆ. ಏಪ್ರಿಲ್ ಎರಡನೇ ವಾರ ಶಾಲೆಗೆ ಬೀಗ ಬೀಳುತ್ತೆ, ತೆಗೆಯೋದು ಮೇ 29ಕ್ಕೆ. ನಮ್ಮಂಥ ಶಾಲೆಗೆ ಜವಾನ ಇಲ್ಲ, ವಾಚ್‌ಮನ್ ಇಲ್ಲ. ಇರೋದು ಇಬ್ಬರು ಮೇಷ್ಟ್ರು, ಒಬ್ಬರು ಅತಿಥಿ ಶಿಕ್ಷಕಿ. ರಜೆಯಲ್ಲಿ ನಮ್ಮನ್ನು ಯಾವುದಾದರೂ ಗಣತಿಗೆ ಹಾಕಿರುತ್ತಾರೆ. ಕೋಲಾರದ ಬಿಸಿಲಲ್ಲಿ ಎಳೆ ಗಿಡಕ್ಕೆ ಒಂದೂವರೆ ತಿಂಗಳು ನೀರಿಲ್ಲ. ಬದುಕೋದು ಹೇಗೆ?

ಜೂನ್ 5 ನಮ್ಮ ಕಡೆ ಮಳೆಗಾಲವೂ ಅಲ್ಲ. ಮೋಡ ಬರುತ್ತೆ, ಗಾಳಿ ಬೀಸುತ್ತೆ, ಹೋಗುತ್ತೆ. ಕೋಲಾರಕ್ಕೆ ಜಾಸ್ತಿ ಮಳೆ ಬೀಳೋದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಊರಲ್ಲಿ ನಿಮ್ಮ ತಾತನ್ನ ಕೇಳಿದ್ದರೂ ಹೇಳುತ್ತಿದ್ದರು.

ಕೊನೊಕಾರ್ಪಸ್ ಮಾತ್ರ ಬೇಡ. ಗುಜರಾತ್‌ನವರು 2023ರಲ್ಲೇ ಅದನ್ನು ನೆಡಬೇಡಿ ಅಂತ ಆದೇಶ ಮಾಡಿದ್ದಾರೆ. ಬೇಗ ಬೆಳೆಯುತ್ತೆ ಅಂತ ನೀಲಗಿರಿ ಹಾಕಿ ನಾವು ಏನಾದೆವು ಅಂತ ನಿಮಗೆ ಗೊತ್ತು. ನಮ್ಮ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ಹಾಕೋದನ್ನು ನಿಲ್ಲಿಸಿತು. ಅಷ್ಟರಲ್ಲಿ ಬೋರು ಸಾವಿರ ಅಡಿ ದಾಟಿತ್ತು.

ಮಾವಿನತೋಪು | ಮೇ 7, ಮಧ್ಯಾಹ್ನ 1:30

ಮೇಷ್ಟ್ರೇ, ಓದಿ ನಿಜವಾಗಲೂ ಬೇಜಾರಾಯಿತು. ನಾವು ಫೋಟೊಗೋಸ್ಕರ ಬರುತ್ತಿಲ್ಲ. ಅಲ್ಲಿ ಓದಿದವರು, ಏನಾದರೂ ವಾಪಸ್ ಕೊಡೋಣ ಅಂತ. ಹಾಗಾದರೆ ಏನೂ ಮಾಡಬಾರದಾ?

ಲೆಕ್ಕಪಕ್ಕಾ | ಮೇ 7, ಮಧ್ಯಾಹ್ನ 2:50

ಬೇಜಾರು ಬಿಡಿ, ಲೆಕ್ಕ ಹಾಕೋಣ.

ರಜೆ ಏಪ್ರಿಲ್ 11ರಿಂದ ಮೇ 28 ಅಂದುಕೊಳ್ಳಿ. 48 ದಿನ. ಮೂರು ದಿನಕ್ಕೊಮ್ಮೆ ಗಿಡಕ್ಕೆ 10 ಲೀಟರ್ ಅಂದರೆ 16 ಸಲ, ಒಂದು ಗಿಡಕ್ಕೆ 160 ಲೀಟರ್. 200 ಗಿಡಕ್ಕೆ 32,000 ಲೀಟರ್. 5,000 ಲೀಟರಿನ ಟ್ಯಾಂಕರ್ ಆರೂವರೆ ಬೇಕು. ಪ್ರತಿ ಸಲ 200 ಬಕೆಟ್ ಹೊರಬೇಕು. ಯಾರು ಹೊರುತ್ತಾರೆ?

ಅದೇ 40 ಗಿಡ ಅಂದರೆ 6,400 ಲೀಟರ್. ಒಂದು ಟ್ಯಾಂಕರ್, ಮೇಲೆ ಸ್ವಲ್ಪ. 40 ಬಕೆಟ್ ಇಬ್ಬರು ಒಂದು ಗಂಟೆಯಲ್ಲಿ ಮುಗಿಸಬಹುದು.

ಶಾಲೆ ನಡೆಯುವಾಗ ನೀರು ಕೊಳ್ಳೋದೇ ಬೇಡ. 46 ಮಕ್ಕಳು ಊಟಕ್ಕೆ ಮುಂಚೆ ಕೈ, ಊಟ ಆದಮೇಲೆ ತಟ್ಟೆ ತೊಳೆಯೋಕೆ ತಲಾ 2 ಲೀಟರ್ ಅಂದರೂ ದಿನಕ್ಕೆ 92 ಲೀಟರ್. ದಿನಕ್ಕೆ ಒಂಬತ್ತು ಗಿಡದ ನೀರು. ಐದು ದಿನದೊಳಗೆ 40 ಗಿಡದ ಸರದಿ ಮುಗಿಯುತ್ತೆ.

ಇನ್ನು ಸೂರಿನ ನೀರು. ಒಂದು ಚದರ ಮೀಟರ್ ಸೂರಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. ಇದೊಂದು ನೆನಪಿಟ್ಟುಕೊಂಡರೆ ಸಾಕು. 20 ಅಡಿಗೆ 20 ಅಡಿಯ ಮೂರು ಕೋಣೆ ಅಂದರೆ ಸುಮಾರು 111 ಚದರ ಮೀಟರ್. ವರ್ಷಕ್ಕೆ 700 ಮಿ.ಮೀ. ಆಸುಪಾಸು ಮಳೆ. ಐದರಲ್ಲಿ ಒಂದು ಪಾಲು ಸೋರಿ, ಆರಿ ಹೋದರೂ 62 ಸಾವಿರ ಲೀಟರ್ ಸಿಗುತ್ತೆ. ಇದನ್ನು ಆರನೇ ಕ್ಲಾಸಿನ ಮಕ್ಕಳ ಕೈಲೇ ಟೇಪು ಹಿಡಿದು ಅಳೆಸಿ. ಕ್ಷೇತ್ರಫಲದ ಪಾಠ ಅಲ್ಲೇ ಮುಗಿಯುತ್ತೆ.

ಬಳಪದ ಚೂರು | ಮೇ 7, ಸಂಜೆ 6:10

ಲೆಕ್ಕಪಕ್ಕಾ ಸರ್, ನಿಮ್ಮ ಲೆಕ್ಕ ನೂರಕ್ಕೆ ನೂರು ಸರಿ. ಸರ್ಕಾರವೂ ಇದೇ ಲೆಕ್ಕ ಹಾಕಿತ್ತು. 2006ರಲ್ಲಿ ಸುವರ್ಣ ಜಲ ಅಂತ ಯೋಜನೆ ಬಂತು. ರಾಜ್ಯದ 20 ಸಾವಿರಕ್ಕೂ ಜಾಸ್ತಿ ಹಳ್ಳಿ ಶಾಲೆಗಳಲ್ಲಿ ಸೂರಿನ ನೀರು ಹಿಡಿಯೋಕೆ ತೊಟ್ಟಿ ಕಟ್ಟೋದು. ನಮ್ಮ ಶಾಲೆಗೂ ಬಂತು.

ಆ ತೊಟ್ಟಿ ಈಗಲೂ ಇದೆ. ಅದರ ಮೈಮೇಲೆ ಇದ್ದಿಲಲ್ಲಿ ಮೂರು ಗೆರೆ ಎಳೆದಿದ್ದಾರೆ. ಸ್ಟಂಪು. ಹದಿನೈದು ವರ್ಷದಿಂದ ನಮ್ಮೂರ ಕ್ರಿಕೆಟ್ಟಿಗೆ ಅದೇ ವಿಕೆಟ್.

ಯಾಕೆ ಕೆಟ್ಟಿತು ಅಂದರೆ ದೊಡ್ಡ ಕಾರಣ ಏನಿಲ್ಲ. ಕೋತಿ ಪೈಪ್ ಕಿತ್ತಿತು. ಫಿಲ್ಟರಿನ ಜಲ್ಲಿ, ಮರಳನ್ನು ತೊಳೆಯಬೇಕು ಅಂತ ನಮಗ್ಯಾರೂ ಹೇಳಲಿಲ್ಲ. ನಲ್ಲಿ ಮುರಿಯಿತು. ನಲ್ಲಿಯ ಬೆಲೆ ಆಗ ನೂರು ರೂಪಾಯಿಯೂ ಇರಲಿಲ್ಲ. ಆದರೆ ರಿಪೇರಿ ಅಂತ ಒಂದು ಬಾಬ್ತು ಯಾವ ಕಾಗದದಲ್ಲೂ ಇರಲಿಲ್ಲ. ಕಟ್ಟಿದವರು ಕಟ್ಟಿ ಹೋದರು, ಬಳಸೋ ನಾವು ಅದು ನಮ್ಮದು ಅಂದುಕೊಳ್ಳಲೇ ಇಲ್ಲ. ತಪ್ಪು ನನ್ನದೂ ಇದೆ. ನನಗೆ ಆಗ ಮೂವತ್ತೂ ತುಂಬಿರಲಿಲ್ಲ, ಟ್ರಾನ್ಸ್‌ಫರ್ ಯಾವಾಗ ಅಂತ ಕಾಯುತ್ತಿದ್ದೆ.

ಮಾವಿನತೋಪು ಅವರೇ, ನಿಮ್ಮ ಶಾಲೆಯ ಹಿಂದೆ ಹೋಗಿ ನೋಡಿ. ಅಲ್ಲೂ ಒಂದು ತೊಟ್ಟಿ ಇರಬಹುದು. ಏನೂ ಮಾಡಬಾರದಾ ಅಂತ ಕೇಳಿದಿರಿ. ಮಾಡಿ, ಆದರೆ ಮೊದಲು ಅದನ್ನು ನೋಡಿಕೊಂಡು ಬನ್ನಿ.

ಕಡಲತಡಿ | ಮೇ 7, ರಾತ್ರಿ 9:00

ನಮ್ಮ ಉಳ್ಳಾಲದ ಕಡೆ ಮಳೆ 3,500 ಮಿ.ಮೀ. ದಾಟುತ್ತದೆ. ಕಡ್ಡಿ ಚುಚ್ಚಿದರೂ ಚಿಗುರುತ್ತದೆ, ಹಾಗಾಗಿ ನಾನು ಬಾಯಿ ಬಿಡಬಾರದು.

ಒಂದೇ ಮಾತು ಹೇಳುತ್ತೇನೆ. ಕಾರ್ಯಕ್ರಮಕ್ಕೆ ಬ್ಯಾನರ್ ಮಾಡಿಸಬೇಡಿ ಮಾರಾಯ್ರೆ. 2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ನಿಷೇಧಿಸಿದಾಗ ಕೈಚೀಲದ ಜೊತೆ ಫ್ಲೆಕ್ಸೂ ಆ ಪಟ್ಟಿಯಲ್ಲಿತ್ತು. ‘ಪ್ಲಾಸ್ಟಿಕ್ ತೊಲಗಿಸಿ’ ಅಂತ ಹತ್ತಡಿ ಫ್ಲೆಕ್ಸ್ ಹಿಡಿದು ಮಕ್ಕಳು ಜಾಥಾ ಹೋಗುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮಳೆ ಬಂತು, ಫ್ಲೆಕ್ಸನ್ನೇ ತಲೆ ಮೇಲೆ ಹೊದ್ದುಕೊಂಡು ಓಡಿದರು. ಅಷ್ಟರಮಟ್ಟಿಗೆ ಉಪಯೋಗಕ್ಕೆ ಬಂತು ಅನ್ನಿ.

ರಾಯಚೂರಿನಾಕೆ | ಮೇ 8, ಬೆಳಿಗ್ಗೆ 6:45

ಮೇಷ್ಟ್ರು ಹೇಳಿದ ಏಪ್ರಿಲ್ ಮಾತಿಗೆ ನನ್ನದೊಂದು ಸೇರಿಸುತ್ತೇನೆ. ನಾನೂ ಸರ್ಕಾರಿ ಶಾಲೆ ಶಿಕ್ಷಕಿ.

ನಮ್ಮ ಶಾಲೆಯಲ್ಲಿ ಈಗ 11 ಬೇವು, 3 ನುಗ್ಗೆ, ಒಂದು ಹುಣಸೆ ಬದುಕಿವೆ. ಎಲ್ಲವೂ ಒಂದೇ ವರ್ಷದವು, 2023ರಲ್ಲಿ ನೆಟ್ಟವು. ಅದಕ್ಕೆ ಮುಂಚೆ ನೆಟ್ಟದ್ದೂ ಹೋದವು, ಆಮೇಲೆ ನೆಟ್ಟದ್ದರಲ್ಲೂ ಬಹಳ ಹೋದವು. 2023ರದ್ದೇ ಯಾಕೆ ಉಳಿದವು ಗೊತ್ತೇನ್ರೀ? ಆ ವರ್ಷ ಬರ. ಅದಕ್ಕೆ 2024ರ ಬೇಸಿಗೆ ರಜೆಯಲ್ಲಿ ಬರಪೀಡಿತ 223 ತಾಲೂಕುಗಳಲ್ಲಿ ಮಕ್ಕಳಿಗೆ ಬಿಸಿಯೂಟ ಕೊಟ್ಟರು. ರಜೆಯಲ್ಲೂ ಅಡುಗೆಯವರು ಬಂದರು, ಮಕ್ಕಳು ತಟ್ಟೆ ಹಿಡಿದುಕೊಂಡು ಬಂದರು. ಊಟ ಮಾಡಿ ತಟ್ಟೆ ತೊಳೆದ ನೀರು ಗಿಡದ ಬುಡಕ್ಕೆ ಹೋಯಿತು. ನಾವೇನೂ ಹೇಳಿರಲಿಲ್ಲ. ಬಿಸಿಲು 43 ಡಿಗ್ರಿ ಇದ್ದಾಗ ನೆರಳಿರೋದು ಗೋಡೆ ಪಕ್ಕ ಮಾತ್ರ, ಗಿಡಗಳೂ ಅಲ್ಲೇ. ಮಕ್ಕಳು ಕೂತು ಉಂಡು ಅಲ್ಲೇ ತೊಳೆದರು, ಅಷ್ಟೇ.

ಗಿಡ ಹಚ್ಚಿದ್ದು ಇಲಾಖೆ, ಕಾಪಾಡಿದ್ದು ಅನ್ನಸಾಂಬಾರಿನ ತಟ್ಟೆ. ನಮ್ಮ ಅಡುಗೆ ಅಮ್ಮನಿಗೆ ಇದನ್ನು ಹೇಳಿದರೆ, ‘ಮತ್ತೆ ಬರ ಬರಲಿ ಅಂತೀರೇನು ಟೀಚರ್’ ಅಂದಳು.

ನೀರಿನಷ್ಟೇ ಇನ್ನೊಂದು ಬೇಕು: ಬೇಲಿ. ಕಾಂಪೌಂಡ್ ಇಲ್ಲದಿದ್ದರೆ ಆಡು ನಿಮ್ಮ 200 ಗಿಡವನ್ನು ಒಂದು ಭಾನುವಾರದಲ್ಲಿ ಮುಗಿಸುತ್ತೆ. ನಮಗೆ ನರೇಗಾದಲ್ಲಿ ಕಾಂಪೌಂಡ್ ಆಯಿತು. ಆಗೋವರೆಗೆ ಜಾಲಿಮುಳ್ಳು ಕಡಿದು ಸುತ್ತ ಕಟ್ಟಿದ್ದೆವು. ಅದು ಪುಕ್ಕಟೆ, ಕೈಗೆ ಮಾತ್ರ ಚುಚ್ಚುತ್ತೆ.

ಎರಡನೇ ಬೆಂಚು | ಮೇ 8, ಬೆಳಿಗ್ಗೆ 10:30

ಎಲ್ಲರೂ ಮಕ್ಕಳು ನೀರು ಹಾಕುತ್ತಾರೆ, ಮಕ್ಕಳು ಅಳೆಯುತ್ತಾರೆ, ಮಕ್ಕಳು ಬೇಲಿ ಕಟ್ಟುತ್ತಾರೆ ಅಂತಿದ್ದೀರಿ. ನನ್ನ ಮಗಳು ಸರ್ಕಾರಿ ಶಾಲೆಯಲ್ಲಿ ಆರನೇ ಕ್ಲಾಸು. ಒಂದು ಮಾತು ಕೇಳಲಾ?

ಹಳ್ಳಿ ಹುಡುಗಿ ಬೆಳಿಗ್ಗೆ ಮನೆಯಲ್ಲಿ ನಾಲ್ಕು ಬಿಂದಿಗೆ ಹೊತ್ತು ಶಾಲೆಗೆ ಬಂದಿರುತ್ತಾಳೆ. ಅಲ್ಲೂ ಬಕೆಟ್ ಕೊಟ್ಟು ಇದು ಪರಿಸರ ಶಿಕ್ಷಣ ಅಂದರೆ ಹೇಗೆ? ನೀರನ್ನು ಹೇಗೆ ಉಳಿಸಬೇಕು ಅಂತ ಅವಳಿಗೆ ನಾವು ಕಲಿಸಬೇಕಾ? ಅದನ್ನು ಕಲಿಸಬೇಕಿರೋದು ಶವರ್ ಕೆಳಗೆ ಇಪ್ಪತ್ತು ನಿಮಿಷ ನಿಲ್ಲೋ ನಮ್ಮ ಅಪಾರ್ಟ್‌ಮೆಂಟ್ ಮಕ್ಕಳಿಗೆ. ನಾನು ಮನೆಕೆಲಸಕ್ಕೆ ಹೋಗೋ ಕಡೆ ದಿನಾ ನೋಡುತ್ತೇನೆ.

2023ರ ಡಿಸೆಂಬರ್‌ನಲ್ಲಿ ಮಕ್ಕಳಿಂದ ಶೌಚಾಲಯದ ಗುಂಡಿ ತೊಳೆಸಿದ ಸುದ್ದಿ ರಾಜ್ಯಕ್ಕೆಲ್ಲ ಗೊತ್ತಾಯಿತಲ್ಲ. ಅಂಥ ಕೆಲಸಕ್ಕೆ ಸಿಗೋದು ಯಾವ ಮಕ್ಕಳು ಅಂತ ಎಲ್ಲರಿಗೂ ಗೊತ್ತು. ಬಕೆಟ್ ಹಿಡಿಸೋ ಮುಂಚೆ ಅದೂ ನೆನಪಿರಲಿ.

ಬಳಪದ ಚೂರು | ಮೇ 8, ಮಧ್ಯಾಹ್ನ 12:05

ಅಕ್ಕಾ, ನೀವು ಕೇಳಿದ್ದು ಸರಿಯಾಗಿದೆ. ನಮ್ಮಲ್ಲೂ ಸುಮ್ನೆ ಬಿಟ್ಟರೆ ಗುದ್ದಲಿ ಹುಡುಗರ ಕೈಗೆ, ಪೊರಕೆ ಮತ್ತು ಬಕೆಟ್ ಹುಡುಗಿಯರ ಕೈಗೆ ಹೋಗುತ್ತೆ. ಈಗ ಹಾಜರಿ ಪುಸ್ತಕದ ನಂಬರ್ ಪ್ರಕಾರ ಸರದಿ ಹಾಕಿದ್ದೇವೆ. ಸರದಿಯಲ್ಲಿ ನನ್ನ ಹೆಸರೂ ಇದೆ, ನಂಬರ್ 33. ಶೌಚಾಲಯ ಆ ಸರದಿಯಲ್ಲಿ ಇಲ್ಲ. ಅದಕ್ಕೆ ವಾರಕ್ಕೆರಡು ಸಲ ಬರೋರಿಗೆ ಎಸ್‌ಡಿಎಂಸಿ, ಅಂದರೆ ಶಾಲೆಯ ಉಸ್ತುವಾರಿ ಸಮಿತಿ, ದುಡ್ಡು ಕೊಡುತ್ತೆ. ತಿಂಗಳು ತಪ್ಪಿದಾಗ ನಾವೇ ಕೈಯಿಂದ ಹಾಕಿದ್ದೂ ಉಂಟು.

ನೀರು ಹೊರೋದು ಪಾಠ ಅಲ್ಲ, ಒಪ್ಪುತ್ತೇನೆ. ಆದರೆ ಒಂದು ಘಟನೆ ಹೇಳುತ್ತೇನೆ. ನಾಲ್ಕನೇ ಕ್ಲಾಸಿನ ಪರಿಸರ ಅಧ್ಯಯನದಲ್ಲಿ ಹಲ್ಲುಜ್ಜೋ ಪಾಠ ಮಾಡುತ್ತಿದ್ದೆ. ಒಬ್ಬ ಹುಡುಗ ಎದ್ದು, ‘ಸಾರ್, ನಾನು ದಿನಾ ಎರಡು ಸಲ ಉಜ್ಜುತ್ತೀನಿ, ಆದರೂ ಹಳದಿ ಗೆರೆ ಹೋಗಲ್ಲ’ ಅಂದ. ಬಾಯಿ ತೆಗೆಸಿ ನೋಡಿದೆ. ಮುಂದಿನ ಹಲ್ಲಿನ ಮೇಲೆ ಅಡ್ಡಡ್ಡ ಕಂದು ಪಟ್ಟೆ. ಆಮೇಲೆ ಇಡೀ ಕ್ಲಾಸು ಒಬ್ಬರ ಬಾಯಿ ಒಬ್ಬರು ನೋಡಿಕೊಂಡರು. 19ರಲ್ಲಿ 12 ಮಕ್ಕಳಿಗೆ ಇತ್ತು. ಫ್ಲೋರೈಡ್. ಆಳದ ಬೋರಿನ ನೀರು ಕುಡಿದು ಬಂದದ್ದು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಕುಡಿಯಬಾರದು ಅಂತ ಮಿತಿ ಇದೆ. ಮಳೆ ನೀರಲ್ಲಿ ಈ ಕಾಟ ಇಲ್ಲ.

ಅವತ್ತು ಆ ಹುಡುಗ ಕೇಳಿದ ಎರಡನೇ ಪ್ರಶ್ನೆ: ‘ಹಾಗಾದರೆ ಹಿಂದಿನ ತೊಟ್ಟಿ ಯಾಕೆ ಸಾರ್ ಹಾಳುಬಿದ್ದಿದೆ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಶನಿವಾರ ಜಲ್ಲಿ ತೊಳೆದೆವು. ನಲ್ಲಿ ನಾನೇ ತಂದೆ. ಸ್ಟಂಪಿನ ಗೆರೆ ಮಾತ್ರ ಅಳಿಸೋಕೆ ಬಿಡಲಿಲ್ಲ.

ಸೊಪ್ಪಿನಬೆಟ್ಟ | ಮೇ 8, ಸಂಜೆ 4:20

ಶಿರಸಿ ಸೀಮೆಯವ, ನಿವೃತ್ತ ಮಾಸ್ತರ. ನಮ್ಮಲ್ಲಿ ತಲೆಬಿಸಿಯೇ ಬೇರೆ. ಸುತ್ತಲೂ ಮರ, ಆದರೆ ಮಕ್ಕಳಿಗೆ ಮರದ ಹೆಸರು ಗೊತ್ತಿಲ್ಲ. ಪಾಠದಲ್ಲಿರುವ ಧ್ರುವದ ಕರಡಿ ಗೊತ್ತು, ಮನೆ ಹಿಂದಿನ ಮತ್ತಿ, ಹೊನ್ನೆ ಗೊತ್ತಿಲ್ಲ.

1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿ ಊರಿನವರು ಕಾಡಿಗೆ ಹೋಗಿ ಮರ ಅಪ್ಪಿಕೊಂಡು ಕಡಿಯುವುದನ್ನು ನಿಲ್ಲಿಸಿದರಲ್ಲ, ಅಪ್ಪಿಕೊ ಚಳವಳಿ. ಆಗ ನನಗೆ ಹೊಸ ನೌಕರಿ. ನಮ್ಮ ಶಾಲೆಯ ಮಕ್ಕಳು ಬಂದು, ‘ಮಾಸ್ತರೇ, ನಮ್ಮ ಅಪ್ಪ ಮರ ತಬ್ಬಿಕೊಳ್ಳಲು ಹೋಗಿದ್ದಾನೆ’ ಅಂತ ರಜೆ ಚೀಟಿ ಇಲ್ಲದೆ ಹೇಳುತ್ತಿದ್ದವು. ಮರ ಕಡಿದರೆ ನಮಗೇನು ಹೋಗುತ್ತದೆ ಅಂತ ಆ ಮಕ್ಕಳಿಗೆ ನಾನು ಕಲಿಸಬೇಕಾಗಿ ಬರಲಿಲ್ಲ. ಸೊಪ್ಪು, ಕಟ್ಟಿಗೆ, ಅಬ್ಬಿ ನೀರು, ಎಲ್ಲ ಮನೆಯ ಮಾತು.

ಆಮೇಲೆ ನಾನು ಮಾಡಿದ ಕೆಲಸ ಒಂದೇ. ಶಾಲೆ ಎದುರಿನ ಅತ್ತಿ ಮರಕ್ಕೆ ಒಂದು ನೋಟ್‌ಬುಕ್ ಇಟ್ಟೆ. ಪ್ರತಿ ಸೋಮವಾರ ಇಬ್ಬರು ಮಕ್ಕಳು ಹೋಗಿ ನೋಡಿ ಬರೆಯಬೇಕು: ಚಿಗುರು ಇದೆಯೇ, ಕಾಯಿ ಇದೆಯೇ, ಎಲೆ ಉದುರಿದೆಯೇ, ಯಾವ ಹಕ್ಕಿ ಬಂತು. ಖರ್ಚು ಒಂದು ನೋಟ್‌ಬುಕ್ಕು. ಒಂದು ಪುಟದಲ್ಲಿ ಹೀಗೆ ಬರೆದಿತ್ತು: ‘ಇವತ್ತು ಮಂಗಟ್ಟೆ ಎರಡು. ಕಾಯಿ ತಿಂದವು. ನಾವೂ ಒಂದು ಬಿಡಿಸಿ ನೋಡಿದೆವು. ಒಳಗೆ ಹುಳ. ಮಂಗಟ್ಟೆಗೆ ಹೇಸಿಗೆ ಇಲ್ಲ.’ ಇಂಥ ವಾಕ್ಯ ಯಾವ ಪಠ್ಯಪುಸ್ತಕ ಬರೆಸುತ್ತದೆ ಹೇಳಿ.

ಈಗ ಇದನ್ನೇ ದೇಶದ ತುಂಬ ಮಾಡುತ್ತಿದ್ದಾರೆ, ಸೀಸನ್‌ವಾಚ್ ಅಂತ. ಕೇರಳದ ಶಾಲೆಗಳು ಬಹಳ ಮುಂದೆ. ಮಾವು, ಹಲಸು, ಹುಣಸೆ, ಹೊಂಗೆ, ಯಾವುದಾದರೂ ಒಂದು ಮರ ಹಿಡಿದು ವಾರ ವಾರ ನೋಡಿ ಬರೆಯುವುದು. ಮಾವಿನತೋಪಿನವರೇ, ನಿಮ್ಮೂರೇ ಮಾವಿನ ಊರು. ಹೂ ಯಾವ ವಾರ ಬಂತು, ಯಾವ ವಾರ ಉದುರಿತು ಅಂತ ಮಕ್ಕಳು ಹತ್ತು ವರ್ಷ ಬರೆದಿಟ್ಟರೆ ನಿಮ್ಮ ಊರಿನ ರೈತರೇ ಬಂದು ಕೇಳಿಕೊಂಡು ಹೋಗುತ್ತಾರೆ. ಹೊಸ ಗಿಡ ಆಮೇಲೆ ನೆಡಿ. ಇರುವ ಮರವನ್ನು ಮೊದಲು ನೋಡಿಸಿ.

ಮಾವಿನತೋಪು | ಮೇ 8, ರಾತ್ರಿ 11:15

ಸರ್, ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮ ಶಾಲೆ ಪಕ್ಕದಲ್ಲೇ ಒಂದು ನಾಟಿ ಮಾವಿನ ಮರ ಇದೆ. ನಾವು ಕಲ್ಲು ಹೊಡೆದು ಬೈಸಿಕೊಂಡ ಮರ.

ಹಳೆ ಫೈಲು | ಮೇ 9, ಬೆಳಿಗ್ಗೆ 8:00

ಶಿಕ್ಷಣ ಇಲಾಖೆ ಕಚೇರಿಯಲ್ಲಿ ಗುಮಾಸ್ತನಾಗಿ ನಿವೃತ್ತಿ. ಕಾಗದದ ವಿಷಯ ನನಗೆ ಬಿಡಿ.

ಪರಿಸರ ಪಾಠ ಶಾಲೆಗೆ ಬಂದದ್ದು ಯಾರ ಔದಾರ್ಯದಿಂದಲೂ ಅಲ್ಲ. ಎಂ.ಸಿ. ಮೆಹ್ತಾ ಅನ್ನೋ ವಕೀಲರು ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟು 1991ರ ನವೆಂಬರ್‌ನಲ್ಲಿ ಶಾಲೆ, ಕಾಲೇಜುಗಳಲ್ಲಿ ಇದು ಕಡ್ಡಾಯ ಅಂದಿತು. ಹನ್ನೆರಡು ವರ್ಷ ಆದಮೇಲೆ, 2003ರ ಡಿಸೆಂಬರ್‌ನಲ್ಲಿ ಮತ್ತೆ ಹೇಳಬೇಕಾಯಿತು. ನಡುವೆ 2001ರಲ್ಲಿ ರಾಷ್ಟ್ರೀಯ ಹಸಿರು ಪಡೆ ಬಂತು. ಶಾಲೆಗೊಂದು ಇಕೋ ಕ್ಲಬ್. ಎಷ್ಟೋ ಕಡೆ ಅದು ಇರೋದು ಬೀರುವಿನೊಳಗಿನ ರಿಜಿಸ್ಟರಿನಲ್ಲಿ ಮಾತ್ರ.

ದುಡ್ಡು ಇದೆ. ಸಮಗ್ರ ಶಿಕ್ಷಣ ಅನ್ನೋ ಸರ್ಕಾರಿ ಯೋಜನೆಯಲ್ಲಿ ಯುವ ಮತ್ತು ಇಕೋ ಕ್ಲಬ್ಬಿಗೆ ಕಿರಿಯ ಪ್ರಾಥಮಿಕಕ್ಕೆ ವರ್ಷಕ್ಕೆ 5 ಸಾವಿರ, ಹಿರಿಯ ಪ್ರಾಥಮಿಕಕ್ಕೆ 15 ಸಾವಿರ, ಪ್ರೌಢಶಾಲೆಗೆ 25 ಸಾವಿರದವರೆಗೆ ಕೊಡಬಹುದು. ಇದಲ್ಲದೆ ಶಾಲಾ ಅನುದಾನ: ಮಕ್ಕಳು 30ರೊಳಗಿದ್ದರೆ 10 ಸಾವಿರ, 100ರೊಳಗಿದ್ದರೆ 25 ಸಾವಿರ. ಅದರಲ್ಲಿ ಕನಿಷ್ಠ ಹತ್ತು ಪರ್ಸೆಂಟ್ ಸ್ವಚ್ಛತೆಗೆ ಇಡಬೇಕು. ಮಿತಿ ಅಷ್ಟು ಅಂದಮಾತ್ರಕ್ಕೆ ಅಷ್ಟೂ ಬರುತ್ತೆ ಅಂತಲ್ಲ. ನನ್ನ ಕಾಲದಲ್ಲಿ ಫೆಬ್ರವರಿ, ಮಾರ್ಚಿನಲ್ಲಿ ಬರುತ್ತಿತ್ತು, ಮಾರ್ಚ್ 31ರೊಳಗೆ ಹಣಬಳಕೆ ಪ್ರಮಾಣಪತ್ರ ಕೊಡಬೇಕು. ಹೆಡ್‌ಮೇಷ್ಟ್ರು ಏನು ಮಾಡುತ್ತಾರೆ? ಹದಿನೈದು ದಿನದಲ್ಲಿ ಖರ್ಚಾಗೋ ವಸ್ತು ಕೊಳ್ಳುತ್ತಾರೆ. ಹತ್ತು ಕುಂಡ, ಒಂದು ಕಸದ ಡಬ್ಬಿ, ಗೋಡೆ ಮೇಲೆ ಭೂಮಿ ಅಳೋ ಚಿತ್ರ. ಏಪ್ರಿಲ್‌ನಲ್ಲಿ ನೀರು ಹಾಕೋರ ಕೂಲಿಯನ್ನು ಮಾರ್ಚಿನ ಬಿಲ್ಲಿನಲ್ಲಿ ತೋರಿಸೋಕೆ ಬರೋದಿಲ್ಲ.

ಹಾಗಾಗಿ ಹೊರಗಿನವರ ದುಡ್ಡಿಗೆ ಒಂದೇ ಒಂದು ಗುಣ ಇದೆ. ಅದಕ್ಕೆ ಮಾರ್ಚ್ 31 ಇಲ್ಲ. ಸರ್ಕಾರ ಕೊಡೋದನ್ನೇ ನೀವೂ ಕೊಟ್ಟು ಆ ಗುಣ ಹಾಳು ಮಾಡಿಕೊಳ್ಳಬೇಡಿ. ಅದು ಕೊಡೋಕಾಗದೇ ಇರೋದನ್ನು ಕೊಡಿ: ನಲ್ಲಿ ರಿಪೇರಿ, ಏಪ್ರಿಲ್ ಕೂಲಿ, ಟ್ಯಾಂಕರ್.

ಎಸ್‌ಡಿಎಂಸಿ ಸಭೆಯಲ್ಲಿ ನಡಾವಳಿ ಬರೆಸಿ, ಅವರ ಖಾತೆಗೇ ಹಾಕಿ. ವಸ್ತು ಕೊಟ್ಟರೆ ದಾಸ್ತಾನು ವಹಿಯಲ್ಲಿ ಏರಿಸಿ. ಇಲ್ಲದಿದ್ದರೆ ಮುಂದೆ ಬರೋ ಹೆಡ್‌ಮೇಷ್ಟ್ರಿಗೆ ಆ ಡ್ರಮ್ಮು ಶಾಲೆಯದೋ ಪಂಚಾಯಿತಿಯದೋ ಗೊತ್ತಾಗೋದಿಲ್ಲ. ಗಿಡವನ್ನು ಖಾಸಗಿ ನರ್ಸರಿಯಲ್ಲಿ ಕೊಳ್ಳಬೇಡಿ. ಅರಣ್ಯ ಇಲಾಖೆ ನರ್ಸರಿಯಲ್ಲಿ ಚೀಲದ ಅಳತೆ ಪ್ರಕಾರ ಕಡಿಮೆ ರೇಟಿಗೆ ಸಿಗುತ್ತೆ.

ಬೀಜಬ್ರಹ್ಮ | ಮೇ 9, ಬೆಳಿಗ್ಗೆ 9:30

ನಾನು ಮೊನ್ನೆ ನಾವು ಎಸೆದ ಬೆಟ್ಟಕ್ಕೆ ಹೋಗಿ ಬಂದೆ. ಬೆಂಚಮ್ಮ ಕೇಳಿದ್ದಕ್ಕೇ ಹೋದೆ. ಹೋದ ವರ್ಷ 2,000 ಉಂಡೆ ಎಸೆದಿದ್ದೆವು. ಒಂದು ಗಂಟೆ ಹುಡುಕಿದೆ. ಏಳು ಹೊಂಗೆ ಸಿಕ್ಕವು. ಅದರಲ್ಲಿ ಎರಡು ನಮ್ಮದೋ ಬೆಟ್ಟದ್ದೋ ಗೊತ್ತಿಲ್ಲ.

ಎರಡನೇ ಬೆಂಚು | ಮೇ 9, ಬೆಳಿಗ್ಗೆ 9:42

ಹೋಗಿ ನೋಡಿದಿರಲ್ಲ, ಅದೇ ದೊಡ್ಡದು ಬ್ರಹ್ಮಣ್ಣ.

ಮಾವಿನತೋಪು | ಮೇ 18, ರಾತ್ರಿ 9:50

ಊರಿಗೆ ಹೋಗಿ ಬಂದೆ. ಶಾಲೆಯ ಹಿಂದೆ ತೊಟ್ಟಿ ಇದೆ! ಲಂಟಾನ ಮುಚ್ಚಿಕೊಂಡಿತ್ತು. ಬಿರುಕು ಇಲ್ಲ. ಪೈಪ್ ಇಲ್ಲ, ಮುಚ್ಚಳ ಇಲ್ಲ, ಒಳಗೆ ಮೂರು ಚಪ್ಪಲಿ, ಒಂದು ವಾಲಿಬಾಲು. ವಾಲಿಬಾಲು ನಮ್ಮ ಕಾಲದ್ದೇ ಅಂತ ನನಗೆ ಅನುಮಾನ.

ಹೆಡ್‌ಮೇಡಂ ಹತ್ತಿರ ಎರಡು ಗಂಟೆ ಕೂತೆ. ನಾನು ಗಿಡದ ಮಾತು ತೆಗೆಯುತ್ತಲೇ ಅವರ ಮುಖದಲ್ಲಿ ಒಂದು ದಣಿವು ಬಂತು. ಟೀ ಶರ್ಟ್ ಬೇಡ, ನೀರು ಮತ್ತು ಏಪ್ರಿಲ್ ಬಗ್ಗೆ ಮಾತಾಡೋಣ ಅಂದಮೇಲೆ ಕಾಫಿ ತರಿಸಿದರು. ದಿನಾ ಬೆಳಿಗ್ಗೆ ಮಕ್ಕಳು ಗುಡಿಸಿದ ಒಣ ಎಲೆಗೆ ಮೂಲೆಯಲ್ಲಿ ಬೆಂಕಿ ಹಾಕುತ್ತಾರಂತೆ, ನಮ್ಮ ಕಾಲದಲ್ಲೂ ಹಾಕುತ್ತಿದ್ದೆವು. ಅದನ್ನೇ ಗಿಡದ ಬುಡಕ್ಕೆ ಮುಚ್ಚಿದರೆ ನೀರು ಅರ್ಧ ಉಳಿಯುತ್ತೆ ಅಂತ ಅಡುಗೆ ಮಾಡೋ ಅಕ್ಕನೇ ಹೇಳಿದರು. ಅವರ ಮನೆ ಟೊಮ್ಯಾಟೊಗೆ ಹಾಗೇ ಮಾಡುತ್ತಾರಂತೆ. ‘ಇಲ್ಲಿ ಯಾರೂ ನನ್ನ ಕೇಳಲಿಲ್ಲ’ ಅಂದರು.

ಹೀಗೆ ತೀರ್ಮಾನ ಆಗಿದೆ. ಜೂನ್ 5ಕ್ಕೆ ನೆಡೋದಿಲ್ಲ. ಅವತ್ತು ಮಕ್ಕಳು ಸೂರು ಅಳೆಯುತ್ತಾರೆ, ನಾವು ತೊಟ್ಟಿ ತೊಳೆಯುತ್ತೇವೆ. ಸೆಪ್ಟೆಂಬರ್‌ನಲ್ಲಿ 40 ಗಿಡ: ಹೊಂಗೆ, ಬೇವು, ನೇರಳೆ, ಅಡುಗೆಮನೆ ಹಿಂದೆ ನುಗ್ಗೆ, ಕರಿಬೇವು, ಕೈತೊಳೆಯೋ ನೀರು ಹೋಗೋ ಕಡೆ ಎರಡು ಬಾಳೆ, ಪಪ್ಪಾಯಿ. ಮಾವಿನ ಮರಕ್ಕೆ ನೋಟ್‌ಬುಕ್ ಕೊಟ್ಟು ಬಂದಿದ್ದೇನೆ. ಮೊದಲ ಪುಟದಲ್ಲಿ ಐದನೇ ಕ್ಲಾಸಿನ ಹುಡುಗಿ ಬರೆದಳು: ‘ಕಾಯಿ ಇದೆ. ಎಣಿಸಲು ಆಗಲಿಲ್ಲ, ಕೋತಿ ಬಂತು.’

ಉಳಿದ ಹಣ ಬೇಸಿಗೆಗೆ ಅಂತ ಎಸ್‌ಡಿಎಂಸಿ ಖಾತೆಯಲ್ಲಿ. ನಡಾವಳಿ ಬರೆಸಿದೆ, ಹಳೆ ಫೈಲು ಸರ್.

ಲೆಕ್ಕಪಕ್ಕಾ | ಮೇ 18, ರಾತ್ರಿ 10:20

ಏಪ್ರಿಲ್ ಕೂಲಿ ಯಾರಿಗೆ?

ಮಾವಿನತೋಪು | ಮೇ 18, ರಾತ್ರಿ 10:31

ಅಡುಗೆ ಅಕ್ಕನಿಗೇ. ರಜೆಯಲ್ಲಿ ಅವರಿಗೆ ಸಂಬಳವೂ ಇರೋದಿಲ್ಲವಲ್ಲ. ದಿನಕ್ಕೆ ಇಷ್ಟು ಅಂತ ಗೊತ್ತು ಮಾಡಿದ್ದೇವೆ. ಆದರೆ ಅವರು ಒಂದು ಷರತ್ತು ಹಾಕಿದ್ದಾರೆ: ಒಬ್ಬಳೇ 40 ಬಕೆಟ್ ಎತ್ತೋದಿಲ್ಲ, ಪ್ರತಿ ಸಲವೂ ನಿಮ್ಮಲ್ಲಿ ಒಬ್ಬರು ಬರಬೇಕು. ಬೆಂಗಳೂರಿಂದ ಎರಡೂವರೆ ಗಂಟೆ ದಾರಿ. 16 ಸಲ. ನಾವು ಹದಿನಾಲ್ಕು ಜನ. ಇಬ್ಬರು ಈಗಾಗಲೇ ಬೆನ್ನುನೋವು ಅಂತಿದ್ದಾರೆ. ಪಟ್ಟಿ ಮಾಡುತ್ತಿದ್ದೇನೆ, ನಾಲ್ಕು ತಾರೀಖು ಖಾಲಿ ಉಳಿದಿದೆ: ಏಪ್ರಿಲ್ 26, ಮೇ 5, ಮೇ 14, ಮೇ 23.

ಬಳಪದ ಚೂರು | ಮೇ 18, ರಾತ್ರಿ 10:45

ಏಪ್ರಿಲ್ 26 ನನಗೆ ಬರೆಯಿರಿ. ಬೈಕಿನಲ್ಲಿ ಮುಕ್ಕಾಲು ಗಂಟೆ. ಗಣತಿ ಡ್ಯೂಟಿ ಬಿದ್ದರೆ ಹಿಂದಿನ ದಿನ ಹೇಳುತ್ತೇನೆ.

ಬೀಜಬ್ರಹ್ಮ | ಮೇ 18, ರಾತ್ರಿ 11:02

ಮೇ 5 ನನಗೆ.

ಎರಡನೇ ಬೆಂಚು | ಮೇ 19, ಬೆಳಿಗ್ಗೆ 6:15

ಮೇ 23 ಇನ್ನೂ ಖಾಲಿ ಇದೆಯಾ? ನಮ್ಮಮ್ಮನ ಮನೆ ಚಿಂತಾಮಣಿ, ರಜೆಗೆ ಅಲ್ಲೇ ಇರುತ್ತೇವೆ. ಮಗಳೂ ಬರುತ್ತಾಳಂತೆ. ಬಕೆಟ್ ನಾನು ಹಿಡಿಯುತ್ತೇನೆ, ಅವಳಿಗೆ ಆ ಮಾವಿನ ಮರದ ನೋಟ್‌ಬುಕ್ ನೋಡಬೇಕಂತೆ.